ಮರಿ ಇಲ್ಲದ ಮಂದೆ

ಮಾದೇವಿ, ನಿನ್ನ ಉತ್ತರ ಸರಿಯಾಗಿತ್ತು. ಅದು ಸರಿ ಎಂದು ಆ ಸಭಾಂಗಣದಲ್ಲಿ ತಿಳಿದಿದ್ದವಳು ನಾನೊಬ್ಬಳೇ — ಅದನ್ನು ಮಣ್ಣುಪಾಲು ಮಾಡಿದವಳೂ ನಾನೇ.

ನಾನು ಪಾಠ ಹೇಳುವ ಶಾಲೆಯಲ್ಲಿ ಎಲ್ಲರೂ ನನ್ನನ್ನು ತಮಿಳಿನವಳು ಎಂದೇ ತಿಳಿದಿದ್ದರು. ಹಾಗೆ ತಿಳಿಯಲಿ ಎಂದೇ ನಾನು ಬದುಕಿದ್ದೆ. ಹುಟ್ಟಿದ್ದು ಪೆನ್ನಾಗರದ ಆಚೆಯ ಒಣನೆಲದಲ್ಲಿ, ಕುರಿ ಸಾಕುವ ಮನೆಯಲ್ಲಿ. ಕೊಳ್ಳೇಗಾಲದ ಕಡೆಯಿಂದ ಬಂದ ಅವ್ವ ನನಗೆ ಕನ್ನಡದ ಅಕ್ಷರವನ್ನೂ ತಿದ್ದಿಸಿದ್ದಳು. ಆದರೆ ಸೇಲಂನಲ್ಲಿ ಕಾಲೇಜು ಸೇರಿದ ಹೊಸದರಲ್ಲಿ ಹಾಸ್ಟೆಲಿನ ಹುಡುಗಿಯರು ಕನ್ನಡ ಬೆರೆತ ನನ್ನ ಮಾತು ಕೇಳಿ ಕುರಿಯ ಹಾಗೆ ಕೂಗಿ ನಕ್ಕರು. ಅಂದೇ ಬಾಯಿಗೆ ಬೀಗ ಹಾಕಿಕೊಂಡೆ. ಟೀಚರಾಗಿ ಧರ್ಮಪುರಿ ಹತ್ತಿರದ ಅದಿಯಮಾನ್‌ಕೋಟೆಯಲ್ಲಿ ಮನೆ ಮಾಡಿದ ಮೇಲೂ, ಯಾರಾದರೂ ಕನ್ನಡದವರ ಮಾತೆತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇದು ನೆಪವಲ್ಲ, ಹೀಗಿದ್ದೆ ಎಂದು ಹೇಳುತ್ತಿದ್ದೇನೆ, ಅಷ್ಟೆ.

ನೀನು ಆಗ ಹತ್ತನೇ ತರಗತಿ. ಧರ್ಮಪುರಿಯ ವಿಜ್ಞಾನ ಪ್ರದರ್ಶನಕ್ಕೆ ನಿನ್ನನ್ನು ತಯಾರು ಮಾಡುತ್ತಿದ್ದೆ. ನಕ್ಷತ್ರಗಳ ದ್ರವ್ಯರಾಶಿ ನಮ್ಮ ವಿಷಯ. ಹೆಚ್ಚು ತೂಕದ ನಕ್ಷತ್ರಕ್ಕೇ ಆಯುಸ್ಸು ಕಡಿಮೆ ಎಂದಾಗ ನೀನು ಒಪ್ಪಲಿಲ್ಲ. ಯಾರ ಮನೆಯಲ್ಲಿ ಮೇವು ಜಾಸ್ತಿಯೋ ಅವರದೇ ಮೊದಲು ಮುಗಿಯುತ್ತದೆಯೇ ಎಂದು ತಮಿಳಿನಲ್ಲಿ ನನ್ನ ಜೊತೆ ಜಗಳಕ್ಕೇ ನಿಂತೆ. ಮರುದಿನ ನೀನಾಗಿಯೇ ಅದನ್ನು ಬಿಡಿಸಿಕೊಂಡು ಬಂದಿದ್ದೆ, ಮುಖವೇ ಹೇಳುತ್ತಿತ್ತು. ಅಂಥ ವಿದ್ಯಾರ್ಥಿ ನನಗೆ ಮತ್ತೆ ಸಿಕ್ಕಲಿಲ್ಲ.

ಪ್ರದರ್ಶನಕ್ಕೆ ಮುಂಚೆ ನಿನ್ನ ಅಪ್ಪ ಶಾಲೆಗೆ ಬಂದಿದ್ದರು. ಊರೂರಿನ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ತಂಗಿಸುವವರು — ನಮ್ಮಪ್ಪನ ಹಾಗೆಯೇ. ನನಗೆ ಕನ್ನಡ ತಿಳಿಯದೆಂದುಕೊಂಡು, ನನಗೆ ತಲುಪಿಸಲು ನಿನಗೆ ಕನ್ನಡದಲ್ಲಿ ಹೇಳಿದರು:

"ಅಲ್ಲಿಗ್ ಬರೋ ದೊಡ್ಡೋರು ಇವ್ಳತ್ರ ಏನೋ ಐತೆ ಅಂದ್ರೆ ಆಸ್ಟಲ್‌ಗೆ ಆಕಿ ಓದುಸ್ತೀನಿ. ಇಲ್ಲಾಂದ್ರೆ ಸಾಕು, ಕುರಿ ಕಾಯ್ಲಿ ಅಂತ ಟೀಚರಮ್ಮಂಗೆ ಯೋಳಮ್ಮಿ."

ನೀನು ಅದನ್ನು ನನಗೆ ತಮಿಳಿನಲ್ಲಿ ಹೇಳಿದೆ. ಕಹಿಯಾದ ಎರಡನೆಯ ಮಾತನ್ನೂ ಬಿಡದೆ, ಇದ್ದದ್ದು ಇದ್ದ ಹಾಗೆ. ನಾನು ಆಗಷ್ಟೇ ಕೇಳಿದವಳಂತೆ ತಲೆಯಾಡಿಸಿದೆ.

ಪ್ರದರ್ಶನದ ದಿನ ನೀನು ಬಾಯಿಪಾಠವನ್ನೆಲ್ಲ ತಮಿಳಿನಲ್ಲಿ ತಡೆಯಿಲ್ಲದೆ ಒಪ್ಪಿಸಿದೆ. ಆಮೇಲೆ ತೀರ್ಪುಗಾರರು ಪಾಠದಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದರು: ಒಂದು ಗ್ಯಾಲಕ್ಸಿಗೆ ವಯಸ್ಸಾಗಿದೆ ಎಂದು ದೂರದಿಂದ ಹೇಗೆ ತಿಳಿಯುವುದು? ನೀನು ತಡವರಿಸಿದೆ. ನನ್ನ ಕಡೆ ಒಮ್ಮೆ ನೋಡಿದೆ. ನೋಡಿ, ಕನ್ನಡದಲ್ಲಿ ಶುರುಮಾಡಿದೆ —

"ದೊಡ್ಡ ಚುಕ್ಕಿ ಮುಳ್ಳುಸೌದೆ ರಾಶಿ ಇದ್ದಂಗೆ ಸಾರ್, ಧಗ್ ಅಂತ ಉರ್ದು ಬೇಗ ಮುಗ್ದೋಯ್ತದೆ. ಸಣ್ಣದು ಬೆರಣಿ ಕೆಂಡ, ನಿಧಾನುಕ್ಕೆ ಇರ್ತದೆ. ದೊಡ್ಡುದು ಸಾಯೋವಾಗ ಚೆಲ್ಲಿದ್ದೇ ಗೊಬ್ಬರ. ಮಂದೆ ಎದ್ದೋದ ಒಲದಾಗೆ ಬೆಳೆ ಬಂದಂಗೆ, ಅದ್ರಾಗೆ ಒಸ ಚುಕ್ಕಿ ಉಟ್ತವೆ. ದೊಡ್ಡ ನೀಲಿ ಚುಕ್ಕಿ ಕಂಡ್ರೆ ಅಲ್ಲಿ ಇನ್ನೂ ಉಟ್ತಾ ಅವೆ ಅಂತ. ಬರೀ ಕೆಂಪು ಸಣ್ಣವೇ ಉಳ್ದಿದ್ರೆ — ಮರಿ ಇಲ್ದ ಮಂದೆ ಸಾರ್. ಅದ್ಕೆ ವಯಸ್ಸಾತು."

ಪುಸ್ತಕದಲ್ಲಿ ಪುಟಗಟ್ಟಲೆ ಇರುವುದನ್ನು ನೀನು ಒಂದೇ ಉಸಿರಿಗೆ ಹೇಳಿದ್ದೆ. ನನ್ನ ಮೈ ಜುಮ್ಮೆಂದಿತು. ತೀರ್ಪುಗಾರರು ನನ್ನತ್ತ ತಿರುಗಿದರು.

"ಇಂದ ಪೊಣ್ಣು ಎನ್ನ ಸೊಲ್ಲುದು, ಟೀಚರ್?"

ಹುಡುಗಿ ಏನು ಹೇಳುತ್ತಿದ್ದಾಳೆ ಎಂದರು. ನಾನು ಹೇಳಬೇಕಿತ್ತು. ಆದರೆ ಹೇಳಿದರೆ ನನಗೆ ಕನ್ನಡ ಬರುತ್ತದೆ ಎಂದಾಗುತ್ತದೆ, ಹೇಗೆ ಬಂತು ಎಂದು ಕೇಳುತ್ತಾರೆ, ಊರು ಯಾವುದು, ಮನೆತನ ಯಾವುದು — ಪಕ್ಕದಲ್ಲಿ ನನ್ನ ಜೊತೆಯ ಟೀಚರುಗಳೆಲ್ಲ ನಿಂತಿದ್ದರು —

"ಏದೋ ಆಟ್ಟುಕ್ಕದೈ ಸೊಲ್ರಾ, ಸಾರ್."

ಏನೋ ಕುರಿ ಕಥೆ ಹೇಳ್ತಾಳೆ ಸಾರ್, ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಸ್ಟೆಲಿನ ಆ ಹುಡುಗಿಯರ ನಗು ನನ್ನ ಬಾಯಿಂದಲೇ ಬಂತು.

ನಿನ್ನ ಮುಖ ನೋಡಲಾಗದೆ ನಾನು ಗೋಡೆಯ ಚಾರ್ಟಿನಿಂದ ಗುಂಡುಸೂಜಿ ಕೀಳುತ್ತಾ ನಿಂತೆ. ಬಹುಮಾನ ಬೇರೆ ಶಾಲೆಗೆ ಹೋಯಿತು. ಜೂನ್‌ನಲ್ಲಿ ನೀನು ಹನ್ನೊಂದನೇ ತರಗತಿಗೆ ಬರಲಿಲ್ಲ. ಯಾಕೆ ಎಂದು ನಾನು ವಿಚಾರಿಸಲೂ ಇಲ್ಲ, ವಿಚಾರಿಸಲು ಏನಿತ್ತು? ಇನ್ನೊಂದನ್ನೂ ಹೇಳಿಬಿಡುತ್ತೇನೆ: ಅಂದಿನಿಂದ ಪ್ರತಿ ವರ್ಷ ಆ ಪಾಠಕ್ಕೆ ನಿನ್ನ ಸೌದೆ, ನಿನ್ನ ಕೆಂಡ, ನಿನ್ನ ಮಂದೆಯನ್ನೇ ತಮಿಳಿನಲ್ಲಿ ಹೇಳಿದ್ದೇನೆ. ಎಷ್ಟು ಚೆನ್ನಾಗಿ ಹೇಳ್ತೀರಿ ಮಿಸ್ ಎಂದರೆ ನಗುತ್ತಾ ಕೇಳಿಸಿಕೊಂಡಿದ್ದೇನೆ.

ಹೋದ ತಿಂಗಳು ಮಕ್ಕಳನ್ನು ಹೊಗೆನಕಲ್‌ಗೆ ಕರೆದುಕೊಂಡು ಬಂದೆವು. ಮಧ್ಯಾಹ್ನ ಮೀನು ಕರಿಯುವ ಅಂಗಡಿಯ ಮುಂದೆ ನಿಂತಾಗ ಬಾಣಲೆಯ ಹಿಂದಿನಿಂದ ನೀನು "ಮಿಸ್!" ಎಂದು ಕೂಗಿದೆ. ನಿನ್ನ ಗಂಡ ಹರಿಗೋಲು ನಡೆಸುತ್ತಾನೆ ಎಂದೆ, ತಟ್ಟೆ ತುಂಬಾ ಮೀನು ಕೊಟ್ಟೆ, ಮಕ್ಕಳಿಗೆಲ್ಲ ನನ್ನನ್ನು ಹೊಗಳಿದೆ. ನಾನು ಧೈರ್ಯ ತಂದುಕೊಂಡು ಕೇಳಿದೆ, ತಮಿಳಿನಲ್ಲೇ: ಆ ದಿನ ಗೊತ್ತಿದ್ದ ತಮಿಳನ್ನು ಬಿಟ್ಟು ಕನ್ನಡಕ್ಕೆ ಯಾಕೆ ಹೋದೆ?

ನೀನು ಜಾಲರಿಯಲ್ಲಿ ಮೀನು ಮಗುಚುತ್ತಾ, ಮೆಲ್ಲಗೆ, ಕನ್ನಡದಲ್ಲಿ ಅಂದೆ:

"ನಿಮ್ಗೆ ಕನ್ನಡ ಬತ್ತದೆ ಅಂತ ನಂಗೊತ್ತಿತ್ತು ಮಿಸ್. ಚಾರ್ಟಿಗೆ ಗುಂಡುಸೂಜಿ ಎಣ್ಸೋವಾಗ ಒಂದು, ಎರ್ಡು, ಮೂರು ಅಂತ ಬಾಯೊಳ್ಗೇ ಅಂತಿದ್ರಿ. ನಾನ್ ತೊದುಲುದ್ರೂ ನೀವು ಅವ್ರಿಗೆ ಯೋಳ್ತೀರಿ ಅಂತಾನೇ ಕನ್ನಡದಾಗೆ ಯೋಳ್ದೆ."

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಪಕ್ಕದಲ್ಲಿ ಜೊತೆಯ ಟೀಚರೊಬ್ಬಳು ಮೀನಿಗೆ ನಿಂಬೆ ಹಿಂಡುತ್ತಿದ್ದಳು. ನಾನು "ಅಪ್ಪಡಿಯಾ?" ಎಂದೆ — ಹೌದಾ, ಎಂದು, ತಮಿಳಿನಲ್ಲಿ. ಇಷ್ಟು ವರ್ಷಗಳ ಮೇಲೂ, ಮಾದೇವಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇದನ್ನು ಅವ್ವ ತಿದ್ದಿಸಿದ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಈ ಅಕ್ಷರ ಓದಲು ಬಾರದು, ನನ್ನ ಶಾಲೆಯಲ್ಲಿ ಯಾರಿಗೂ ಬಾರದು. ಅಂದರೆ ಇದೂ ಒಂದು ಅಡಗುತಾಣವೇ. ಬರೆದ ಮಾತ್ರಕ್ಕೆ ನಿನಗೆ ಹೇಳಿದಂತಾಗುವುದಿಲ್ಲ.

ಭಾನುವಾರ ಬಸ್ಸು ಹತ್ತುತ್ತೇನೆ. ಅಂದು ಪಕ್ಕದಲ್ಲಿ ನಿಂಬೆ ಹಿಂಡುತ್ತಿದ್ದ ಆ ಟೀಚರನ್ನೂ ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾಳೆ. ಅಂಗಡಿಯ ಮುಂದೆ ಜನ ಇರುವಾಗಲೇ, ಅವಳು ಕೇಳುವ ಹಾಗೆ, ಎಲ್ಲರೂ ಕೇಳುವ ಹಾಗೆ ಹೇಳುತ್ತೇನೆ. ಕಳೆದುಹೋದ ಓದು ಅದರಿಂದ ನಿನಗೆ ಬರುವುದಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ. ಅಂದು ನನ್ನನ್ನು ನಂಬಿ ನೀನು ಆಡಿದ ಮಾತಿಗೆ, ಆ ಮಾತಿನಲ್ಲೇ ಉತ್ತರ ಕೊಡುತ್ತೇನೆ:

"ಮಾದೇವಿ, ನಾನೂ ಕುರಿಮಂದೆ ಮನೆಯೋಳೇ ಕಣವ್ವ. ನೀನ್ ಯೋಳಿದ್ದು ನಂಗೆ ಪೂರ್ತಿ ತಿಳ್ದಿತ್ತು."