ಕೆಳಗಿನ ಪಟ್ಟಿಯ ಎಪ್ಪತ್ತು

ನಮ್ಮ ಬೀದಿಯಲ್ಲಿ ಡಿಶ್ ಕೂರಿಸುವವನಿಗೆ ಎಲ್ಲರೂ ಡಿಶ್ಶಣ್ಣ ಎನ್ನುತ್ತಿದ್ದರು. ಹೋದ ವರ್ಷ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಾವೆಲ್ಲ ಅಕ್ಕ ಎನ್ನುವ ಅವನ ಹೆಂಡತಿ ಅವನೊಬ್ಬನನ್ನೇ ಕೆಲಸಕ್ಕೆ ಬಿಟ್ಟವಳಲ್ಲ. ಅವನು ಮೇಲೆ ಡಿಶ್ ತಿರುಗಿಸುತ್ತಾನೆ; ಅಕ್ಕ ಕೆಳಗೆ ಟಿ.ವಿ. ಮುಂದೆ ಕೂತು ಪರದೆಯ ಅಂಕಿಯನ್ನು ಅವನಿಗೆ ಫೋನಿನಲ್ಲಿ ಓದಿ ಹೇಳುತ್ತಾಳೆ.

ಇನ್ನೊಂದು ದೂರು ಬಂದರೆ ಕೆಲಸವಿಲ್ಲ ಎಂದು ಕಂಪನಿಯವರು ಅವನಿಗೆ ಹೇಳಿಬಿಟ್ಟಿದ್ದರು. ಆ ಎಚ್ಚರಿಕೆಗೆ ಕಾರಣವಾದ ಕೊನೆಯ ದೂರು ಕೊಟ್ಟ ಪುಣ್ಯಾತ್ಮ ನಾನೇ. ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು, ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

ಎದುರಿಗೆ ಹೊಸ ಕಟ್ಟಡ ಎದ್ದಿದ್ದರಿಂದ ಡಿಶ್ಶನ್ನು ನಮ್ಮ ತಾರಸಿಯ ಮೋಟುಗೋಡೆಯ ಹೊರಮೈಗೆ ಕೂರಿಸಬೇಕಾಯಿತು. ಅದನ್ನು ತಿರುಗಿಸಲು ಅರ್ಧ ಮೈ ಹೊರಗೆ ಚಾಚಬೇಕು. ಗಾಳಿ ಜೋರಾಗಿತ್ತು. ನಾಳೆ ಮಾಡೋಣ ಎಂದು ಅಕ್ಕ ಗೋಗರೆದಳು. ಇವತ್ತೇ ಮುಗಿಸಬೇಕಂತೆ ಎಂದು ಅವನು ಹತ್ತಿಯೇಬಿಟ್ಟ.

ಪರದೆಯ ಮೇಲೆ ಎರಡು ಪಟ್ಟಿಗಳಿದ್ದವು, ಮೇಲಿನದು ಸಿಗ್ನಲ್ಲಿನ ಬಲ, ಕೆಳಗಿನದು ಗುಣಮಟ್ಟ. ಮೇಲಿನದು ತುಂಬಿದ್ದು ನೋಡಿ ನಾನು ಹಿಗ್ಗಿದೆ. ಅದು ಬರೀ ಬಾಯಿಬಡುಕ, ಕೆಳಗಿನದು ಎಪ್ಪತ್ತು ದಾಟಿದರೇ ಚಿತ್ರ ನಿಲ್ಲುವುದು ಎಂದು ಅಕ್ಕ ಗದರಿದಳು. ಕೆಳಗಿನದು ಮೂವತ್ತೆಂಟರಲ್ಲಿತ್ತು. ಅವಳು ಓದುತ್ತಾ ಹೋದಳು: ನಲವತ್ತೊಂದು, ನಲವತ್ತನಾಲ್ಕು. ಅಷ್ಟರಲ್ಲಿ ಗಾಳಿಗೆ ಕಿಟಕಿ ರಪ್ಪೆಂದು ಬಡಿಯಿತು. ಫೋನಿನಲ್ಲಿ ಅವನ ಉಸಿರು ಕಟ್ಟಿದ್ದು ಇಬ್ಬರಿಗೂ ಕೇಳಿಸಿತು.

“ಎಪ್ಪತ್ತೊಂದು ಬಂತು ರೀ, ಬಿಗಿ ಮಾಡಿ ಇಳೀರಿ,” ಎಂದಳು.

ಪರದೆಯಲ್ಲಿ ನಲವತ್ತನಾಲ್ಕೇ ಇತ್ತು. ನಾನು ಬಾಯಿ ತೆರೆದೆ. ಅವಳು ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಟಿ.ವಿ. ಹಾಳಾಗಿ ಹೋಗಲಿ, ಅವನು ಇಳಿದರೆ ಸಾಕು ಎಂದು ನನಗೂ ಅನಿಸಿತು.

“ನಲವತ್ತನಾಲ್ಕಾದ್ಮೇಲೆ ನಾನು ತಿರುಗಿಸೇ ಇಲ್ವಲ್ಲೇ,” ಎಂದ ಅವನು. ಮತ್ತೆ ಕೇಳಿದ: “ನನ್ನಾಣೆ?”

ಆ ಆಣೆ ಇಟ್ಟು ಸುಳ್ಳು ಹೇಳಿದರೆ ಕೇಡು ಅವನಿಗೇ ಎಂದು ನಂಬಿದವಳು ಅಕ್ಕ.

“ಇಲ್ಲ. ನಲವತ್ತನಾಲ್ಕು,” ಎಂದಳು. ಆಮೇಲೆ ನನ್ನತ್ತ ತಿರುಗಿದಳು. “ದೂರು ಕೊಟ್ಟೋರು ನೀವು ತಾನೆ? ಹೋಗಿ ಅವರನ್ನ ಹಿಡ್ಕೊಳ್ಳಿ.”

ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ. ಮೋಟುಗೋಡೆಗೆ ಮೊಣಕಾಲು ಒತ್ತಿ, ಅವನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದೆ. ಅವನು ಮತ್ತೆ ಹೊರಗೆ ಚಾಚಿದ. ಅವನ ಭಾರವೆಲ್ಲ ನನ್ನ ಬೆರಳಿಗೆ ಬಂತು. ಅವನ ಜೇಬಿನ ಫೋನಿನಿಂದ ಅಂಕಿ ಕೇಳುತ್ತಿತ್ತು: ಐವತ್ತು, ಅರವತ್ತಮೂರು, ಮತ್ತೆ ಐವತ್ತೆಂಟು. ಕೊನೆಗೆ, “ಎಪ್ಪತ್ತೆರಡು. ನಿಮ್ಮಾಣೆ.”

ಅವನು ಬಿಗಿ ಮಾಡಿ ಒಳಕ್ಕೆ ಬಂದ, ಇನ್ನು ಬಿಡಿ ಸಾರ್ ಎಂದ. ನನ್ನ ಬೆರಳುಗಳು ಬಿಡಲಿಲ್ಲ.