ಅತ್ತೆಯ ಉಡಿಗೆ ಬಿದ್ದ ಕರಿ ಉಣ್ಣೆ

ನಮ್ಮ ಮನೆತನದಲ್ಲಿ ಮಗುವಿನ ಮೊದಲ ಕೂದಲು, ಅಂದರೆ ಜಾವಳ, ನೆಲಕ್ಕೆ ಬೀಳಬಾರದು. ಸೋದರತ್ತೆ ಸೆರಗಿನ ಉಡಿಯೊಡ್ಡಿ ಹಿಡಿದು, ಹರಿಯುವ ನೀರಿಗೆ ಬಿಡಬೇಕು. ನನ್ನದು ಹರಕೆಯ ಜಾವಳ. ಮನೆಯವರು ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದುದರಿಂದ ಅದು ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿತ್ತು. ಅದು ಆಗುವ ಮೊದಲೇ, ಆರನೆಯ ವರ್ಷಕ್ಕೆ, ನನ್ನನ್ನು ಹುಮನಾಬಾದಿನ ಒಂದು ಆಶ್ರಮ ಶಾಲೆಗೆ, ಅಂದರೆ ಸರ್ಕಾರದ ವಸತಿ ಶಾಲೆಗೆ, ಹಾಕಿದರು.

ಸೇರಿದ ದಿನವೇ ಹೇನಿದೆಯೆಂದು ಹೊಸ ಹುಡುಗಿಯರ ತಲೆ ಬೋಳಿಸಿದರು. ಕರೆತಂದಿದ್ದ ಅತ್ತೆ, ಅಪ್ಪನ ಅಕ್ಕ, ಗೇಟಿನ ಹೊರಗೆ ನಿಂತು ಕೂಗುತ್ತಿದ್ದಳು. ಒಳಗೆ ಬಿಡಲಿಲ್ಲ. ಕೂದಲನ್ನು ಗುಡಿಸಿ ಹಾಕಿದರು. ಆ ಶಾಲೆಯಲ್ಲಿ ಮನೆಯ ಆಡುಮಾತಿನಲ್ಲಿ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಈಗ ಬರೆಯುತ್ತಿರುವ ಕನ್ನಡ ಅಲ್ಲಿ ಕಲಿತದ್ದು.

ಅತ್ತೆ ಅಂದಿನಿಂದ ಯಾರ ಜಾವಳಕ್ಕೂ ಉಡಿ ಒಡ್ಡಲಿಲ್ಲ. ಈ ವರ್ಷ ಚಿಕ್ಕಪ್ಪನ ಮಗನ ಜಾವಳ ನಿಶ್ಚಯವಾಯಿತು. ಚಿಕ್ಕಪ್ಪನಿಗೆ ಇರುವುದು ಇವಳೊಬ್ಬಳೇ ಅಕ್ಕ. ಕರೆಯಲು ಬಂದವನಿಗೆ ಆಕೆ ಹೇಳಿದ್ದು ಇಷ್ಟೇ:

"ನನ್ನ ಉಡಿ ಛಲೋ ಇಲ್ಲೋ ತಮ್ಮಾ. ಬಾಜು ಮನಿಯಾಕಿಗಿ ಕರಿ."

ಚಿಕ್ಕಪ್ಪ ಚಹಾ ಕುಡಿಯದೆ ಎದ್ದು ಹೋದ.

ನಾನಾಗ ಒಂದು ನೃತ್ಯನಾಟಕ ತಂಡದಲ್ಲಿದ್ದೆ. ಕೆನಡಾದ ಆದಿವಾಸಿ ಮಕ್ಕಳ ವಸತಿ ಶಾಲೆಗಳ ಬಗ್ಗೆ ಅಲ್ಲಿಯವರೇ ಮಾಡಿದ ನೃತ್ಯನಾಟಕವೊಂದನ್ನು ನಮ್ಮ ನಿರ್ದೇಶಕಿ ನೋಡಿ ಬಂದಿದ್ದರು. ಅಲ್ಲಿಯೂ ಮೊದಲು ಕತ್ತರಿಸುತ್ತಿದ್ದುದು ಕೂದಲನ್ನೇ. ನಮ್ಮ ಆಶ್ರಮ ಶಾಲೆಗಳ ಬಗ್ಗೆ ಅಂಥದ್ದೊಂದು ಮಾಡೋಣ ಎಂದರು. ಹುಡುಗಿಯ ಪಾತ್ರ ನನಗೆ ಬಂತು. ಕರಿ ಉಣ್ಣೆಯ ಜಡೆ ಕಟ್ಟಿಕೊಳ್ಳುತ್ತಿದ್ದೆ. ವಾರ್ಡನ್ ಪಾತ್ರದವಳು ಅದನ್ನು ಡೊಳ್ಳಿನ ತಾಳಕ್ಕೆ ಸರಿಯಾಗಿ ಕತ್ತರಿಸಿ, ತಾಳಕ್ಕೆ ಸರಿಯಾಗಿ ಗುಡಿಸುತ್ತಿದ್ದಳು. ಉಣ್ಣೆ ನೆಲಕ್ಕೆ ಬೀಳುವುದೇ ದೃಶ್ಯದ ಶಕ್ತಿ ಎಂದು ನಿರ್ದೇಶಕಿ ಹೇಳುತ್ತಿದ್ದರು.

ಬಸವಕಲ್ಯಾಣದ ಪ್ರದರ್ಶನಕ್ಕೆ ಕೊಹಿನೂರಿನಿಂದ ಅತ್ತೆಯನ್ನು ಕರೆಸಿದೆ. ಕತೆ ಏನೆಂದು ಹೇಳಲಿಲ್ಲ. ಕುಣಿತ ಅದ, ಬಾ ಎಂದಿದ್ದೆ. ಮುಂದಿನ ಸಾಲಿನಲ್ಲಿ ಕೂತಳು.

ಕತ್ತರಿ ಆಡಿತು. ಮೊದಲ ಎಳೆ ಬಿತ್ತು.

"ಏ ತಡೀರಿ! ನೆಲಕ್ಕ ಬೀಳಾಕತ್ತದ!"

ಅತ್ತೆ ವೇದಿಕೆ ಹತ್ತಿ ಬಂದಳು. ಬಿದ್ದ ಎಳೆಯನ್ನು ಎತ್ತಿಕೊಂಡು, ನನ್ನ ಪಕ್ಕದಲ್ಲಿ ಕೂತು, ಉಡಿ ಒಡ್ಡಿದಳು. ವಾರ್ಡನ್ ಕತ್ತರಿ ಹಿಡಿದು ಹಾಗೇ ನಿಂತಳು.

"ನಿನಗೇನ್ ಅನ್ನಲ್ಲ ಯವ್ವಾ, ನೀ ಕತ್ತರಸು. ನಾ ಹಿಡೀತೀನಿ." ಡೊಳ್ಳಿನವನ ಕಡೆ ತಿರುಗಿ, "ನೀ ಯಾಕ ನಿಂತಿ? ಬಾರಸು," ಎಂದಳು.

ಅವನು ಬಾರಿಸಿದ. ಜಡೆ ಪೂರ್ತಿ ಅತ್ತೆಯ ಉಡಿಗೆ ಬಿತ್ತು. ವಾರ್ಡನ್ ಪೊರಕೆ ಹಿಡಿದು ಬಂದಳು, ಗುಡಿಸಲು ಏನೂ ಇರಲಿಲ್ಲ. ಆದರೂ ಗುಡಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿವೃತ್ತ ಮೇಷ್ಟ್ರೊಬ್ಬರು ಬಂದು, ಆ ಹಿರಿಯ ಕಲಾವಿದೆಯ ಅಭಿನಯ ಸಹಜವಾಗಿತ್ತು ಎಂದು ಹೇಳಿ ಹೋದರು.

ನಿರ್ದೇಶಕಿ ಅತ್ತೆಯ ಕೈ ಹಿಡಿದುಕೊಂಡು, "ಚಿಟಗುಪ್ಪದ ಶೋಗೂ ಬರ್ರಿ, ಹಿಂಗೇ ಮಾಡ್ರಿ," ಎಂದರು.

"ಒಬ್ಬಾಕಿದು ಎಷ್ಟ್ ಸಲ ಜಾವಳ ತೆಗೀತಾರ್ರೀ? ಆತಲ್ಲ."

"ಹಂಗಾದ್ರ ಉಣ್ಣಿ ಆದ್ರೂ ಕೊಡ್ರಿ. ನಮ್ಮ ಸಾಮಾನದು."

"ಕೊಡಂಗಿಲ್ರಿ," ಎಂದು ಅತ್ತೆ ಸೆರಗಿನ ಗಂಟು ಬಿಗಿ ಮಾಡಿಕೊಂಡಳು.

ಊರಿಗೆ ಹೋಗುವ ಬಸ್ಸಿನಲ್ಲಿ ನಾನೂ ಹತ್ತಿದೆ. ಅತ್ತೆ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಆಮೇಲೆ ಅತ್ತೆ, "ಇವತ್ತ ಅಲ್ಲಿ ಗೇಟ್ ಇದ್ದಿಲ್ಲ ನೋಡು," ಎಂದಳು. ಹಳ್ಳದ ಸೇತುವೆ ಬಂದಾಗ ಗಂಟು ಬಿಚ್ಚಿ, ಉಣ್ಣೆಯನ್ನು ಕಿಟಕಿಯಿಂದ ನೀರಿಗೆ ಬಿಟ್ಟಳು. ಕಂಡಕ್ಟರ್ ಬೈದ. ಅತ್ತೆ ಕೇಳಿಸಿಕೊಳ್ಳಲಿಲ್ಲ.

ಚಿಕ್ಕಪ್ಪನ ಮಗನ ಜಾವಳದ ದಿನ ನಾನು ಹೋಗುವಷ್ಟರಲ್ಲಿ ಅತ್ತೆ ಅಂಗಳದಲ್ಲಿ ಉಡಿ ಒಡ್ಡಿಕೊಂಡು ಕೂತಿದ್ದಳು. ಮಗು ಇನ್ನೂ ಮಲಗಿತ್ತು. ಕ್ಷೌರದವನೂ ಬಂದಿರಲಿಲ್ಲ.