ಸಿದ್ದಲಿಂಗಪ್ಪನವರ ಮೂರು ಗೆರೆ

ಸಿದ್ದಲಿಂಗಪ್ಪನವರ ಎದುರು ‘ಅರ್ಜೆಂಟು’ ಎಂದವರು ಅದೇ ಮಾತನ್ನು ಎರಡನೇ ಸಲ ಅಂದದ್ದನ್ನು ನಾನು ಕಾಣೆ. ಆ ಮಾತು ಕಿವಿಗೆ ಬಿದ್ದ ತಕ್ಷಣ ಅವರು ಉರಿಯಲ್ಲಿ ತಿರುಗಿಸುತ್ತಿದ್ದ ಗಾಜಿನ ಮಣಿಯನ್ನು ಕಂಬಿಯ ಸಮೇತ ಪಕ್ಕದ ನೀರಿನ ಚೊಂಬಿಗೆ ಅದ್ದಿಬಿಡುತ್ತಿದ್ದರು. ಚುಂಯ್ ಎಂದು ಹಬೆ, ಹಿಂದೆಯೇ ಚಟ್ ಎಂಬ ಸದ್ದು. ಮಣಿ ಚೂರುಚೂರಾಗಿದ್ದ ಚೊಂಬನ್ನು ಬಂದವರ ಮೂಗಿನ ಕೆಳಗೆ ಹಿಡಿದು, “ತಗೊಳ್ಳಿ ಸಾರ್, ಅರ್ಜೆಂಟ್ ಮಣಿ. ಪೋಣಿಸೋಕೆ ದಾರ ಇದೆ ತಾನೆ ಮನೇಲಿ?” ಎನ್ನುತ್ತಿದ್ದರು. ಬಂದವರು ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು.

ಗಿರಿನಗರದಲ್ಲಿ ನಮ್ಮ ಎದುರು ಮನೆ ಅವರದು. ಒಂದು ದೊಡ್ಡ ಪ್ರಯೋಗಾಲಯದ ಗಾಜಿನ ವಿಭಾಗದಲ್ಲಿ ಮೂವತ್ತು ವರ್ಷ ಕೊಳವೆ, ಬುರುಡೆ, ಸುರುಳಿಗಳನ್ನು ಊದಿ ಮಾಡಿ ನಿವೃತ್ತರಾದವರು. ಆಮೇಲೆ ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿ ಬರ್ನರ್ ಹಾಕಿಕೊಂಡು ಹಬ್ಬದ ಮಣಿ ಮಾಡಲು ಕುಳಿತರು. ಸ್ಕೂಟರ್ ಬೀದಿಯಲ್ಲಿ ನೆನೆಯಿತು, ಒಣಗಿತು, ತುಕ್ಕು ಹಿಡಿಯಿತು. ಅವರ ಹೆಂಡತಿ ಪಾರ್ವತಮ್ಮ, “ಗಾಡಿಗಿಂತ ಮಣಿಗೇ ಶೆಡ್ ಚೆನ್ನಾಗಿ ಒಪ್ಪುತ್ತೆ ಬಿಡಿ” ಎಂದು ಕಾಫಿ ತಂದಿಡುತ್ತಿದ್ದರು.

ನಾನು ಜಯನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಬಣ್ಣ ಎಂದರೆ ಡಬ್ಬಿಯಿಂದ ಬರುವುದು ಎಂದುಕೊಂಡಿದ್ದವಳು. ಒಂದು ಭಾನುವಾರ ಸಕ್ಕರೆ ಕೇಳಲು ಹೋಗಿ, ಬಣ್ಣವೇ ಕರಗಿ ಜೇನಿನಂತೆ ಇಳಿಯುವುದನ್ನು ನೋಡಿ ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಸಕ್ಕರೆ ಮರೆತೇಹೋಯಿತು. ಜೇಡಿಮಣ್ಣು ಬಳಿದ ಕಂಬಿಗೆ ಕರಗಿದ ಗಾಜನ್ನು ಸುತ್ತಬೇಕು, ಕೈ ನಿಲ್ಲಿಸದೆ ತಿರುಗಿಸಬೇಕು, ಆದ ಮಣಿಯನ್ನು ಬಿಸಿ ಇರುವಾಗಲೇ ಪುಟ್ಟ ಕರೆಂಟ್ ಕುಲುಮೆಗೆ ಸೇರಿಸಿ ಮರುದಿನದವರೆಗೆ ನಿಧಾನವಾಗಿ ತಣಿಯಲು ಬಿಡಬೇಕು. ಎಲ್ಲಕ್ಕಿಂತ ಕಷ್ಟ ಈ ಕಡೆಯದೇ. “ಮಾಡೋದು ಹತ್ತು ನಿಮಿಷ, ಕಾಯೋದೇ ಕಸುಬು ಕಣಮ್ಮಾ ಟೀಚರ್” ಎನ್ನುತ್ತಿದ್ದರು.

ಅವರ ಮಣಿಗಳೋ! ಸಂಕ್ರಾಂತಿಗೆ ಕಬ್ಬಿನ ಬಣ್ಣದ ಮೇಲೆ ಎಳ್ಳಿನಂಥ ಬಿಳಿ ಚುಕ್ಕೆ. ಯುಗಾದಿಗೆ ಒಂದು ಮಗ್ಗುಲು ಬೇವಿನೆಲೆ, ಇನ್ನೊಂದು ಮಗ್ಗುಲು ಬೆಲ್ಲ. ರಂಜಾನಿಗೆ ಕಡುನೀಲಿಯಲ್ಲಿ ಗೆರೆಯಷ್ಟೇ ಚಂದ್ರ. ದೀಪಾವಳಿಗೆ ಹಣತೆ, ಕ್ರಿಸ್‌ಮಸ್ಸಿಗೆ ಪುಟ್ಟ ಹಸಿರು ಮರ. ಹಬ್ಬ ಹತ್ತಿರ ಬಾರದೆ ಆ ಹಬ್ಬದ ಮಣಿ ಮಾಡುತ್ತಿರಲಿಲ್ಲ. ಯುಗಾದಿ ಬಂದರೆ ಬೀದಿ ಕೊನೆಯ ಬೇವಿನ ಮರದಿಂದ ಚಿಗುರು ಕಿತ್ತು ತಂದು ಬರ್ನರ್ ಪಕ್ಕ ಇಟ್ಟುಕೊಂಡು, ಆ ಹಸಿರು ಸಿಗುವವರೆಗೆ ಮಣಿಯ ಮೇಲೆ ಮಣಿ ಕೆಡಿಸುತ್ತಿದ್ದರು. ಅಂಗಡಿಯವನೊಬ್ಬ ಜುಲೈಯಲ್ಲಿ ದೀಪಾವಳಿ ಮಣಿ ಕೇಳಿದ್ದಕ್ಕೆ, “ನಾನೇನು ಪಟಾಕಿ ಫ್ಯಾಕ್ಟ್ರಿನಾ?” ಎಂದು ಹಾರಿಬಿದ್ದಿದ್ದರು.

ಪ್ರತಿ ಮಣಿಯ ತೂತಿನ ಬಳಿ ಮೂರು ಗೆರೆ. ಬಿಳಿ ಗಾಜನ್ನು ಕೂದಲೆಳೆಯಷ್ಟು ಸಣ್ಣಗೆ ಎಳೆದು, ಉಸಿರು ಬಿಗಿಹಿಡಿದು ಸುತ್ತಿ, ಮಣಿಯೊಳಗೇ ಕರಗಿಸುತ್ತಿದ್ದರು. ಬೆಳಗ್ಗೆ ಸ್ನಾನವಾದ ಮೇಲೆ ಅವರ ಹಣೆಯಲ್ಲಿ ಕಾಣುವ ವಿಭೂತಿಯ ಹಾಗೆಯೇ. ಉಜ್ಜಿದರೆ ಹೋಗದು, ಕೆರೆದರೂ ಹೋಗದು. ಚಂದ್ರನ ಮಣಿಗೂ ಅದೇ, ಕ್ರಿಸ್‌ಮಸ್ ಮರಕ್ಕೂ ಅದೇ.

ಈಗ ನನ್ನ ತಪ್ಪು ಹೇಳಬೇಕು. ಜಯನಗರದ ಒಂದು ಗಿಫ್ಟ್ ಅಂಗಡಿಗೆ ನಾನೇ ಮಣಿ ತೋರಿಸಿದೆ. ಮಾಲೀಕ ಒಂದೊಂದನ್ನೇ ಬೆಳಕಿಗೆ ಹಿಡಿದು, “ಸಖತ್ತಾಗಿದೆ ಮೇಡಂ. ಕ್ರಿಸ್‌ಮಸ್ಸಿಗೆ ಇನ್ನೂರು ಬೇಕು. ಆದ್ರೆ ಈ ಗೆರೆ ಬೇಡ. ನಾವು ಇಂಪೋರ್ಟೆಡ್ ಅಂತ ಮಾರೋದು, ಇಟಲಿ ಮಣಿ ಮೇಲೆ ವಿಭೂತಿ ಇದ್ರೆ ಯಾರು ನಂಬ್ತಾರೆ?” ಎಂದ. ಮಾಡಿದವರು ಯಾರು, ಎಲ್ಲಿಯವರು ಎಂದು ಒಂದು ಮಾತೂ ಕೇಳಲಿಲ್ಲ. ಅಲ್ಲೇ ಕೆಂಡದಂಥ ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ. ಇನ್ನೂರು ಎಂಬುದು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. “ಹೇಳ್ತೀನಿ” ಎಂದು ತಲೆಯಾಡಿಸಿ ಬಂದೆ.

ಸಿದ್ದಲಿಂಗಪ್ಪನವರು ಮೊದಲು ತಾಳ್ಮೆಯಿಂದಲೇ ಕೇಳಿಸಿಕೊಂಡರು. “ಗೆರೆ ಇಲ್ದೆ ಮಾಡಲ್ಲ.”

“ಧರ್ಮದ ಪ್ರಶ್ನೆ ಅಂತ ಅಲ್ಲ ಅಂಕಲ್, ಅವ್ರ ವ್ಯಾಪಾರ...”

“ಧರ್ಮ ಯಾರಮ್ಮ ಕೇಳಿದ್ದು? ಅದು ನನ್ನ ಸೈನು.”

“ಮೂರು ಗೆರೆ ತಾನೆ ಅಂಕಲ್? ಬಿಟ್ಬಿಡಿ.”

ಅವರ ಕೈಯಲ್ಲಿದ್ದದ್ದು ಮುಗಿಯಲು ಬಂದಿದ್ದ ಹಣತೆಯ ಮಣಿ. ನೀಲಿಯ ನಡುವೆ ಹಳದಿ ಕುಡಿ ಆಗಷ್ಟೇ ಮೂಡಿತ್ತು. ನನ್ನನ್ನೇ ನೋಡುತ್ತ ಅದನ್ನು ಚೊಂಬಿಗೆ ಅದ್ದಿದರು. ಚಟ್. ನಾನು ಅರ್ಜೆಂಟು ಎಂದಿರಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಅಂದಿದ್ದೆ. “ಹೋಗಮ್ಮ ಮನೆಗೆ” ಎಂದರು.

ಮೂರು ವಾರ ಆ ಮನೆಯ ಕಡೆ ತಲೆಹಾಕಲಿಲ್ಲ. ಕಡೆಗೆ ಪಾರ್ವತಮ್ಮನೇ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದರು. ಸಿದ್ದಲಿಂಗಪ್ಪನವರು ಬರ್ನರ್ ಆರಿಸಿ, ಕನ್ನಡಕ ತೆಗೆದಿಟ್ಟರು.

“ಮೂವತ್ತು ವರ್ಷ ಊದಿದೀನಿ ಟೀಚರ್. ನಾನು ಮಾಡಿದ ಸಾಮಾನು ಹಿಡ್ಕೊಂಡು ದೊಡ್ಡ ದೊಡ್ಡವರು ಫೋಟೋ ತೆಗೆಸ್ಕೊಂಡ್ರು. ಪೇಪರಲ್ಲಿ ಬಂತು, ಪುಸ್ತಕದಲ್ಲಿ ಬಂತು. ಒಂದ್ ಕಡೆ ನನ್ನ ಹೆಸರಿಲ್ಲ. ಹೋಗ್ಲಿ ಬಿಡು. ಆದ್ರೆ ಯಾವನೋ ಕೈಜಾರಿಸಿ ಒಡೆದ ಅಂದ್ಕೋ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಆಗ ಮಾತ್ರ ಕಾರಿಡಾರ್ ತುಂಬಾ ಕೂಗೋರು. ‘ಯಾರ್ರೀ ಇದನ್ನ ಮಾಡಿದ್ದು?’ ಅಂತ. ಒಡೆದಾಗ ಬೇಕು ನನ್ನ ಹೆಸರು, ಚೆನ್ನಾಗಿದ್ದಾಗ ಬೇಡ. ಇಲ್ಲಿ ಈ ಶೆಡ್ಡಲ್ಲೂ ಹಾಗೇ ಆಗ್ಬೇಕಾ?”

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮರುದಿನವೇ ಅಂಗಡಿಗೆ ಹೋಗಿ, ಗೆರೆ ಇಲ್ಲದ ಮಣಿ ಸಿಗುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಂದೆ. ಆಮೇಲೆ ಬನಶಂಕರಿ, ಜೆ.ಪಿ. ನಗರದಲ್ಲಿ ಎಲ್ಲೆಲ್ಲಿ ಸಂತೆ, ಪ್ರದರ್ಶನ ನಡೆದರೂ ನಾನೇ ಮೇಜು ಹಾಕಿ ಕುಳಿತು ಮಾರಿದೆ. “ಮೂರು ಗೆರೆ ಮಣಿ ಇದೆಯಾ?” ಎಂದು ಜನ ಹುಡುಕಿಕೊಂಡು ಬರತೊಡಗಿದರು. ಅದನ್ನು ಹೇಳಿದಾಗಲೆಲ್ಲ ಸಿದ್ದಲಿಂಗಪ್ಪನವರು, “ಗೆರೆ ಕೇಳಿದ್ರೋ, ಮಣಿ ಕೇಳಿದ್ರೋ?” ಎಂದು ಮೀಸೆಯಡಿಯಲ್ಲೇ ನಗುತ್ತಿದ್ದರು.

ಕಳೆದ ವರ್ಷ ಅವರ ಕೈ ನಡುಗಲು ಶುರುವಾಯಿತು. ಗೌರಿಹಬ್ಬದ ಹಿಂದಿನ ವಾರ ಹೋದಾಗ ಬರ್ನರ್ ಮುಂದೆ ಕುಳಿತಿದ್ದರು. ಅರಿಶಿನ ಬಣ್ಣದ ಮಣಿ, ಮೇಲೊಂದು ಕೆಂಪು ಬೊಟ್ಟು. ಬಿಳಿ ಎಳೆ ಹಿಡಿದು ಒಂದು ಗೆರೆ ಸುತ್ತಿದರು. ಎರಡನೆಯದು ಸೊಟ್ಟಗಾಯಿತು. ಮೂರನೆಯದಕ್ಕೆ ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಅಷ್ಟರಲ್ಲಿ ಮಣಿ ತಣ್ಣಗಾಗುವ ಹೊತ್ತಾಗಿತ್ತು. ಚೊಂಬು ಪಕ್ಕದಲ್ಲೇ ಇತ್ತು. ಅದ್ದಿಬಿಡುತ್ತಾರೆ ಎಂದುಕೊಂಡೆ. ಅದ್ದಲಿಲ್ಲ, ಕುಲುಮೆಗೆ ಇಟ್ಟರು.

“ನಾಳೆ ಬಂದು ನೀನೇ ತಗೋ. ಮೂರನೇದು ಆಗ್ಲಿಲ್ಲ ಕಣಮ್ಮ” ಎಂದರು. ಅದೇ ಅವರ ಕೊನೆಯ ಮಣಿ. ದೀಪಾವಳಿಗೆ ಅವರಿರಲಿಲ್ಲ. ಪಾರ್ವತಮ್ಮ ಬರ್ನರನ್ನೂ ಕನ್ನಡಕವನ್ನೂ ನನಗೆ ಕೊಟ್ಟರು.

ಈ ಡಿಸೆಂಬರಿನಲ್ಲಿ ಅದೇ ಗಿಫ್ಟ್ ಅಂಗಡಿಯ ಮುಂದೆ ಹಾದುಹೋಗುವಾಗ ನೋಡುತ್ತೇನೆ, ಗಾಜಿನ ಬಾಗಿಲಲ್ಲಿ ಬೋರ್ಡು: ‘ನಮ್ಮೂರಿನ ಮೂರು ಗೆರೆ ಮಣಿ’. ಕಾಲು ತಾನಾಗಿ ಒಳಗೆ ಹೋಯಿತು. ತಟ್ಟೆ ತುಂಬಾ ಅಚ್ಚಿನಲ್ಲಿ ಒತ್ತಿದ ಹಸಿರು ಮರಗಳು, ಒಂದೊಂದಕ್ಕೂ ಬಿಳಿ ಪೇಂಟಿನ ಮೂರು ಗೆರೆ. ನನ್ನ ಮೈ ಉರಿದುಹೋಯಿತು. ಅವರು ಬದುಕಿದ್ದಾಗ ಬೇಡವಾಗಿದ್ದ ಗೆರೆ, ಸತ್ತ ಮೇಲೆ ಎಷ್ಟು ಬೇಗ ಬೇಕಾಯಿತು! ಕೌಂಟರಿನ ಮೇಲೆ ಯಾರೋ ಕುಡಿಯಲು ಇಟ್ಟಿದ್ದ ನೀರಿನ ಲೋಟವಿತ್ತು. ಒಂದು ಮಣಿ ಎತ್ತಿ ಅದರಲ್ಲಿ ಹಾಕಿದೆ.

“ಮೇಡಂ, ಅದಕ್ಕೆ ನೀರು ತಾಗಿಸ್ಬಾರ್ದು!” ಎಂದು ಅಂಗಡಿಯ ಹುಡುಗಿ ಓಡಿಬಂದಳು.

ತೆಗೆದು ಹೆಬ್ಬೆರಳಿನಿಂದ ಉಜ್ಜಿದೆ. ಮೂರೂ ಗೆರೆ ಬೆರಳಿಗೆ ಬಂದವು. ನನ್ನ ಕೊರಳಿನ ದಾರ ಬಿಚ್ಚಿ, ಅವರ ಕೊನೆಯ ಆ ಅರಿಶಿನ ಬಣ್ಣದ ಮಣಿಯನ್ನು ಅದೇ ಲೋಟಕ್ಕೆ ಬಿಟ್ಟೆ. ತೆಗೆದು ಸೆರಗಿನಿಂದ ಬಲವಾಗಿ ಉಜ್ಜಿ ಅವಳ ಅಂಗೈಗೆ ಇಟ್ಟೆ. ಒಂದು ಗೆರೆ ನೆಟ್ಟಗೆ, ಒಂದು ಸೊಟ್ಟ. ಎರಡೂ ಇದ್ದ ಹಾಗೇ ಇದ್ದವು. ಗಲ್ಲಾದಲ್ಲಿದ್ದ ಮಾಲೀಕ ಮೊಬೈಲಿನಿಂದ ತಲೆ ಎತ್ತಿ ನೋಡಿದ, ನನ್ನ ಗುರುತು ಸಿಕ್ಕಿರಬೇಕು, ಮತ್ತೆ ತಗ್ಗಿಸಿದ.

ಹುಡುಗಿ ಮಾತ್ರ ಮಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಎಷ್ಟು ಚೆನ್ನಾಗಿದೆ! ಯಾರು ಮೇಡಂ ಇದನ್ನ ಮಾಡಿದ್ದು?”

ಒಡೆಯದ ಮಣಿ ಹಿಡಿದು ಆ ಪ್ರಶ್ನೆ ಕೇಳಿದವರನ್ನು ಆ ಅಂಗಡಿಯಲ್ಲಿ ಅವತ್ತೇ ಮೊದಲು ಕಂಡೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಹೇಳಿದೆ.

“ಸಿದ್ದಲಿಂಗಪ್ಪ. ಗಿರಿನಗರದ ಸಿದ್ದಲಿಂಗಪ್ಪ. ಬರ್ಕೊಳ್ಳಮ್ಮ.”